ಅಡುಗೆ ಮಾಡಿದವಳ ಹೆಸರು

ಸತ್ತವರ ಹೆಸರು ಊರಿನ ಬಾಯಲ್ಲಿ ಎಷ್ಟು ದಿನ ಉಳಿಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅಜ್ಜಿಯನ್ನು ಮಣ್ಣು ಮಾಡಿದ್ದು ಫೆಬ್ರುವರಿಯಲ್ಲಿ. ಮಾರ್ಚ್ ಮುಗಿಯುವ ತನಕ ಚರ್ಚಿನ ಹೆಂಗಸರು ಮುಚ್ಚಿದ ತಟ್ಟೆಗಳಲ್ಲಿ ಊಟ ತಂದುಕೊಟ್ಟು, "ಆರ್ಡಿತ್ ಒಳ್ಳೇವ್ಳು ಕಣಮ್ಮ" ಎಂದು ನನ್ನ ಭುಜ ಸವರಿ ಹೋದರು. ಏಪ್ರಿಲ್‌ನಲ್ಲಿ ಅಂಚೆಯವನು ತರಕಾರಿ ಬೀಜದ ಪುಸ್ತಕವೊಂದನ್ನು ಹಿಡಿದು ಬಂದು, "ಆರ್ಡಿತ್ ಪ್ರೇಟರ್ ಹೆಸರಿಗಿದೆ" ಎಂದ. ಅದೇ ಕೊನೆ. ಆಮೇಲೆ ಆರು ತಿಂಗಳು ಆ ಹೆಸರನ್ನು ಇನ್ನೊಬ್ಬರ ಬಾಯಿಂದ ನಾನು ಕೇಳಲಿಲ್ಲ.

ನಾನೇ ಹೇಳೋಣವೆಂದರೆ ಯಾರಿಗೆ ಹೇಳುವುದು? ಕೆಂಟಕಿಯ ಕ್ಯಾನೀ ಫೋರ್ಕ್ ಹೊಳೆಯ ಕಣಿವೆಗಳಲ್ಲಿ ಮನೆಯಿಂದ ಮನೆಗೆ ನಡೆದು ನೀರಿನ ಮೀಟರ್ ಓದುವುದು ನನ್ನ ಕೆಲಸ. ಹಗಲಲ್ಲಿ ಹೆಚ್ಚಿನ ಮನೆಗಳಲ್ಲಿ ಯಾರೂ ಇರುವುದಿಲ್ಲ. ನಾಯಿಗಳಿರುತ್ತವೆ. ಅವಕ್ಕೆ ನನ್ನ ಪರಿಚಯವಾಗಿ ಎರಡು ವರ್ಷವಾಯಿತು, ಈಗ ಬೊಗಳುವುದನ್ನೂ ಬಿಟ್ಟಿವೆ.

ಅದಕ್ಕೇ ಆ ಅಕ್ಟೋಬರಿನ ಮೊದಲ ಭಾನುವಾರ, ಏಳು ಪದರದ ಒಣಸೇಬಿನ ಕೇಕನ್ನು ತೊಡೆಯ ಮೇಲಿಟ್ಟುಕೊಳ್ಳಲು ಯಾರೂ ಇಲ್ಲದ್ದರಿಂದ ಪಕ್ಕದ ಸೀಟಿಗೆ ಬೆಲ್ಟು ಕಟ್ಟಿ ಕೂರಿಸಿ, ವರ್ಲಿನ್ ಸ್ಟಿಡಮ್‌ನ ಅಭಿಮಾನಿಗಳ ಕೂಟಕ್ಕೆ ಹೊರಟೆ.

ನಮ್ಮ ಗುಡ್ಡಗಳಲ್ಲಿ ವರ್ಲಿನ್ ಗೊತ್ತಿಲ್ಲದವರಿಲ್ಲ. ಹಳೇ ಬಸ್ಸೊಂದರಲ್ಲಿ ಐವತ್ತು ವರ್ಷ ಊರೂರು ಸುತ್ತಿದ ಹಾಡುಗಾರ. ತಾನೇ ಬರೆದು ತಾನೇ ಹಾಡಿದವನು. ಈಗ ಅವನಿಗೆ ಎಂಬತ್ತೈದು. ಗಂಟಲಿನ ಆಪರೇಷನ್ ಆದ ಮೇಲೆ ಟೆಕ್ಸಸ್‌ನಲ್ಲಿ ಮಗಳ ಮನೆಯಲ್ಲಿದ್ದಾನೆ, ಹಾಡುವುದಿರಲಿ, ಉಪ್ಪು ಬೇಕಿದ್ದರೂ ಚೀಟಿ ಬರೆದು ಕೇಳುತ್ತಾನಂತೆ. ಅವನ ಹುಟ್ಟುಹಬ್ಬದ ಹತ್ತಿರದ ಭಾನುವಾರ ನಮ್ಮ ಊರಿನ ಮುಚ್ಚಿಹೋದ ಶಾಲೆಯ ಊಟದ ಹಾಲ್‌ನಲ್ಲಿ ಅವನನ್ನು ಪ್ರೀತಿಸುವವರು ಸೇರುತ್ತಾರೆ. ಊಟ ತರುತ್ತಾರೆ, ಜಗಳವಾಡುತ್ತಾರೆ, ಕೊನೆಗೆ 'ಮಂಜು ಕವಿದ ರಸ್ತೆ' ಹಾಡುತ್ತಾರೆ.

ಅದು ಲಾರಿ ಓಡಿಸುವವನೊಬ್ಬನ ಹಾಡು. ಮಂಜಿನಲ್ಲಿ ಅವನಿಗೆ ದಾರಿ ತಪ್ಪಿದೆ. ಊರು ಮರೆತೆ, ತಿರುವು ಮರೆತೆ, ಹೊರೆ ಏನೆಂಬುದನ್ನೂ ಮರೆತೆ, ಇಂಥವಳ ಹೆಸರೊಂದು ಬಿಟ್ಟು ಎಲ್ಲವ ಮರೆತೆ ಎನ್ನುತ್ತಾನೆ. ರೆಕಾರ್ಡಿನಲ್ಲಿ ಆ ಜಾಗದಲ್ಲಿರುವುದು ವರ್ಲಿನ್‌ನ ತಾಯಿ ಲೂಎಲ್ಲಾಳ ಹೆಸರು. ಆದರೆ ವೇದಿಕೆಯ ಮೇಲೆ ಹಾಡುವಾಗ ಅವನು ಪ್ರತಿ ಊರಿನಲ್ಲೂ ಆ ಊರಿನ ಹೆಂಗಸೊಬ್ಬಳ ಹೆಸರನ್ನು ಅಲ್ಲಿಡುತ್ತಿದ್ದ. ಕೂಟದಲ್ಲೂ ಆ ಪದ್ಧತಿ ಉಳಿದಿದೆ. ವರ್ಲಿನ್‌ನ ಜೊತೆ ಮೂವತ್ತೊಂದು ವರ್ಷ ಸ್ಟೀಲ್ ಗಿಟಾರ್ ನುಡಿಸಿದ ಲಾಂಜೊ ಫ್ಯೂಗೇಟ್ ಪ್ರತಿ ವರ್ಷ ಬರುತ್ತಾನೆ. ಎಲ್ಲರ ಪಾತ್ರೆಯಿಂದಲೂ ಒಂದೊಂದು ಚಮಚ ತಿಂದು, ತನಗೆ ಹಿಡಿಸಿದ ಅಡುಗೆ ತಂದವರ ಹತ್ತಿರ ಹೋಗಿ "ಹೆಸರು ಹೇಳಿ" ಎನ್ನುತ್ತಾನೆ. ಅವರು ಹೇಳಿದ ಹೆಸರೇ ಆ ವರ್ಷದ ಹಾಡಿಗೆ. ತಾಯಿಯ ಹೆಸರು ಹೇಳಿದವರಿದ್ದಾರೆ, ತೀರಿಕೊಂಡ ಮಗಳ ಹೆಸರು ಹೇಳಿದವರಿದ್ದಾರೆ. ಹೋದ ವರ್ಷ ಶಾಲಾ ಬಸ್ಸಿನ ಡ್ರೈವರ್ ಗಾರ್ನೆಟ್ ಸ್ಲೋನ್ ತನ್ನ ಬೇಟೆನಾಯಿಯ ಹೆಸರು ಹೇಳಿ ಕೂಟದ ಅರ್ಧ ಜನರ ಜೊತೆ ಮಾತು ಕಳೆದುಕೊಂಡಿದ್ದ.

ಲಾಂಜೊಗೆ ಸಿಹಿ ಎಂದರೆ ಪ್ರಾಣ ಎಂದು ನನಗೆ ಗೊತ್ತಿತ್ತು. ಅವನು ನನ್ನ ಮುಂದೆ ನಿಂತು ಕೇಳಬೇಕು, ನಾನು "ಆರ್ಡಿತ್" ಎನ್ನಬೇಕು, ಇಡೀ ಹಾಲ್‌ನಲ್ಲಿ ಆ ಹೆಸರು ಒಮ್ಮೆ ಏಳಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಆ ಕೇಕನ್ನು ನಮ್ಮಲ್ಲಿ ಮದುವೆಗೆ ಮಾಡುತ್ತಾರೆ, ಒಂದೊಂದು ಮನೆಯವರು ಒಂದೊಂದು ಪದರ ಬೇಯಿಸಿ ತರುತ್ತಾರೆ, ನಡುನಡುವೆ ಬೇಯಿಸಿದ ಒಣಸೇಬು ಹಚ್ಚಿ ಪೇರಿಸುತ್ತಾರೆ. ಪದರ ಎಷ್ಟೋ ಹುಡುಗಿಯ ಕಡೆ ಜನ ಅಷ್ಟು ಎಂದು ಲೆಕ್ಕ. ಏಳು ಪದರವನ್ನೂ ನಾನೊಬ್ಬಳೇ ಬೇಯಿಸಿದ್ದೆ.

ಆರ್ಡಿತ್‌ಳ ಹೆಸರನ್ನು ವರ್ಲಿನ್ ಒಮ್ಮೆ ಹಾಡಿದ್ದ. ನಾನು ಬೆಳೆದದ್ದೇ ಆ ಕತೆ ಕೇಳಿಕೊಂಡು. ನನ್ನ ಅಮ್ಮ ಒಹಾಯೋ ಕಡೆಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡವಳು, ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಾಳೆ. ಹಾಗಾಗಿ ನನಗೆ ಊಟವೂ ಕತೆಯೂ ಅಜ್ಜಿಯದೇ. ಬೀನ್ಸಿನ ನಾರು ತೆಗೆಯುತ್ತಾ ಅವಳು ಶುರು ಮಾಡುತ್ತಿದ್ದಳು.

"ಒಂದಿತ್ತಂತೆ ದೊಡ್ಡ ಅಡುಗೆಮನೆ. ಅದಕ್ಕೊಬ್ಬಳು ರಾಕ್ಷಸಿ ಯಜಮಾನಿ. ಅವಳ ಸೌಟು ಎಷ್ಟುದ್ದ? ಮೀನು ಹಿಡಿಯೋ ಗಾಳದ ಕೋಲಿನಷ್ಟುದ್ದ. ಸೌಟು ಬಡಿದ್ರೆ ಗುಡ್ಡದಾಚೆ ಹುಂಜ ಬೆಳಗಾಯ್ತು ಅಂತ ಕೂಗೋದು. ಅವಳ ಕೈಕೆಳಗೆ ಒಬ್ಬಳು ಪಾತ್ರೆ ತೊಳೆಯೋಳು. ಅವಳಿಗೆ ಹೆಸರೇ ಇರ್ಲಿಲ್ಲ."

"ಯಾಕಿರ್ಲಿಲ್ಲ?" ಎಂದು ನಾನು ಕೇಳಬೇಕು. ಗೊತ್ತಿದ್ದರೂ ಕೇಳಬೇಕು.

"ಗಂಡ ಡೇಟನ್‌ಗೆ ಕಾರ್ಖಾನೆ ಕೆಲಸಕ್ಕೆ ಹೋಗ್ತಾ ಸೂಟ್‌ಕೇಸಲ್ಲಿ ಅದನ್ನೂ ಹಾಕ್ಕೊಂಡು ಹೋಗ್ಬಿಟ್ಟಿದ್ದ. ಊರೋರು ಅವಳನ್ನ 'ಕ್ಲೈಡ್ ಬಿಟ್ಟುಹೋದೋಳು' ಅಂತ ಕರೀತಿದ್ರು. ಮೂರು ವರ್ಷ ಹಾಗೇ ಕರೆದ್ರು. ಆಮೇಲೊಂದು ದಿನ ಹಾಡುಗಾರ ಬಂದ. ಪಾತ್ರೆ ತೊಳೆಯೋಳು ಬಡಿಸೋ ಕಿಂಡಿ ಹಿಂದೆ ನಿಂತು ಇಣುಕಿ ನೋಡ್ತಿದ್ಲು. ಯಾರೂ ಅವನಿಗೆ ಹೇಳ್ಲಿಲ್ಲ, ಯಾರೂ ಚೀಟಿ ಕೊಡ್ಲಿಲ್ಲ. ಅವನೇ ಕಣ್ಣು ಮುಚ್ಚಿ, ಹಾಡು ನಿಲ್ಲಿಸಿ, 'ಆ...ರ್ಡಿತ್' ಅಂದ. ಎಷ್ಟುದ್ದ ಎಳೆದ ಅಂದ್ರೆ, ಆ ಹೆಸರಿನ ಮೇಲೆ ಒಂದು ವಾರದ ಬಟ್ಟೆ ಒಣಹಾಕ್ಬೋದಿತ್ತು."

ದೊಡ್ಡವಳಾದ ಮೇಲೆ ನನಗೂ ತಿಳಿಯಿತು, ಯಾರೋ ಹೇಳಿರಲೇಬೇಕು. ಆದರೆ ಅಜ್ಜಿಯ ಕತೆಯೊಳಗೆ ಹೋಗುವಾಗ ಅದನ್ನೆಲ್ಲ ಹೊರಗೇ ಬಿಟ್ಟು ಹೋಗುತ್ತಿದ್ದೆ, ಕೆಸರಿನ ಬೂಟುಗಳನ್ನು ಬಾಗಿಲಾಚೆ ಬಿಟ್ಟ ಹಾಗೆ. ಒಂದು ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಅಷ್ಟು ಪ್ರೀತಿಯ ಹಾಡುಗಾರನ ಕೂಟಕ್ಕೆ ಅಜ್ಜಿ ಒಂದು ವರ್ಷವೂ ಹೋದವಳಲ್ಲ. ಕರೆದರೆ, "ನಂಗೆ ಗೊತ್ತಿರೋದು ನಂಗೊತ್ತು. ಅಲ್ಲಿ ಹೋಗಿ ಕೇಳೋದೇನಿದೆ" ಎನ್ನುತ್ತಿದ್ದಳು.

ಹಾಲ್‌ನಲ್ಲಿ ಮೂವತ್ತು ಜನರಿದ್ದರು. ಹೆಚ್ಚುಕಡಿಮೆ ಎಲ್ಲರದೂ ಬಿಳಿ ತಲೆ. ಕೇಕನ್ನು ಉದ್ದ ಮೇಜಿನ ಮೇಲೆ, ಕರಿದ ಕೋಳಿ ಮತ್ತು ಜೋಳದ ರೊಟ್ಟಿಯ ನಡುವೆ ಇಟ್ಟು, ನಾನು ತುದಿಯ ಕುರ್ಚಿಯಲ್ಲಿ ಕೂತೆ. ಬ್ಯೂಟಿ ಪಾರ್ಲರಿನ ಓವಾ ಜೀನ್, ಕೂದಲನ್ನು ಗೋಪುರದ ಹಾಗೆ ಎತ್ತಿ ಕಟ್ಟಿದವಳು, ಕಾಗದದ ಲೋಟದಲ್ಲಿ ಸಿಹಿ ಟೀ ತಂದುಕೊಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಿಮ್ಮೋರು ಯಾರಮ್ಮ?"

"ಆರ್ಡಿತ್ ಪ್ರೇಟರ್ ಮೊಮ್ಮಗಳು."

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ಮುಖ ಬೆಳಗಿತು. "ಓ, ಕ್ಲೈಡ್ ಬಿಟ್ಟುಹೋದೋಳಾ? ಪಾಪ. ಕೂತ್ಕೋ, ಕೂತ್ಕೋ."

ನಾನು ಲೋಟ ಕೆಳಗಿಟ್ಟೆ. ನಲವತ್ತೆಂಟು ವರ್ಷವಾದರೂ ಊರು ಆ ಸೂಟ್‌ಕೇಸನ್ನು ಕೆಳಗಿಟ್ಟಿರಲಿಲ್ಲ.

ಮಾತು ಆಗಲೇ ಕಾವೇರಿತ್ತು. ಗಾರ್ನೆಟ್ ಕೋಳಿಯ ಕಾಲು ಹಿಡಿದು ಭಾಷಣ ಮಾಡುತ್ತಿದ್ದ. "ಎಪ್ಪತ್ತೊಂಬತ್ತನೇ ಇಸವಿಗೇ ವರ್ಲಿನ್ ಸತ್ತ ಅಂತ್ಲೇ ನನ್ನ ಲೆಕ್ಕ. ಅವನ ಪಕ್ಕ ಒಂದು ಪಿಟೀಲಿತ್ತು, ಸಾಕಿತ್ತು. ನ್ಯಾಶ್‌ವಿಲ್‌ನ ರೆಕಾರ್ಡ್ ಕಂಪ್ನಿಯೋರು ಸೂಟು ಹಾಕಿದ ಇಪ್ಪತ್ತು ಪಿಟೀಲಿನೋರನ್ನ ತಂದು ಕೂರಿಸಿದ್ರು. ಆ ರೆಕಾರ್ಡ್ ಹಾಕಿದ್ರೆ ನಂಗೆ ಹಲ್ಲಿನ ಡಾಕ್ಟ್ರ ಕುರ್ಚಿ ನೆನಪಾಗುತ್ತೆ."

"ಬಸ್ ಓಡ್ಸಿ ಓಡ್ಸಿ ನಿನ್ನ ಕಿವೀನೇ ಇಂಜಿನ್ ಆಗಿದೆ ಕಣೋ," ಎಂದಳು ಓವಾ ಜೀನ್. "ನನ್ನ ಮೊದಲನೇ ಗಂಡ ಹೋದಾಗ ಅದೇ ರೆಕಾರ್ಡು ನನ್ನ ಕೈ ಹಿಡೀತು."

"ಎರಡನೆಯವ ಹೋದಾಗ?"

"ಆಗ ಕುಣಿಯೋ ರೆಕಾರ್ಡ್ ಹಾಕಿದ್ದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ, ಬಸ್ಸು ಹೊರಟ ಮೇಲೆ ಓಡಿದವಳ ಹಾಗೆ.

ಒಬ್ಬೊಬ್ಬರೇ ಎದ್ದು ತಮ್ಮ ನೆನಪು ಹೇಳಿದರು. ಗಾರ್ನೆಟ್‌ನದು ಎಪ್ಪತ್ತೆರಡನೇ ಇಸವಿಯದು. ಭಾನುವಾರ ಬೆಳಿಗ್ಗೆ ವರ್ಲಿನ್‌ನ ಬಸ್ಸು ಹೊಳೆ ದಾಟುವಾಗ ಕೆಸರಿನಲ್ಲಿ ಹೂತುಹೋಗಿ, ಇಡೀ ಚರ್ಚು ಪಾದ್ರಿಯ ಸಮೇತ ಒಗೆದ ಬಟ್ಟೆಯಲ್ಲೇ ಇಳಿದು ತಳ್ಳಿತ್ತಂತೆ. "ಬಸ್ ಮೇಲೆ ಬಂದ ಮೇಲೆ ವರ್ಲಿನ್ ದಡದಲ್ಲಿ ಕೂತು ಎರಡು ಗಂಟೆ ಹಾಡಿದ. ಅವತ್ತು ನಮ್ಮ ಪಾದ್ರಿ ಉಪದೇಶ ಮಾಡ್ಲಿಲ್ಲ. ಊರಿಗೆ ಎರಡು ಉಪಕಾರ ಆಯ್ತು." ಓವಾ ಜೀನ್‌ಳದು ವರ್ಲಿನ್ ಬೆವರು ಒರೆಸಿ ಎಸೆದ ಟವೆಲಿನ ಕತೆ. ಅದನ್ನು ಒಗೆಯದೆ ಇಟ್ಟುಕೊಂಡಿದ್ದಳಂತೆ, ಎರಡನೇ ಗಂಡ ಅದರಿಂದ ಟ್ರಕ್ ಒರೆಸಿದನಂತೆ. "ಅವನು ಹೋಗಿದ್ದು ಅದಕ್ಕಾ?" ಎಂದು ಯಾರೋ ಕೂಗಿದರು. "ಹೋಗ್ಲಿಲ್ಲ, ಕಳಿಸ್ದೆ" ಎಂದಳು.

ಇವರೆಲ್ಲರಿಗೂ ಅವನು ಸಿಕ್ಕಿದ್ದ. ಬೆವರು, ಕೆಸರು, ಬಸ್ಸಿನ ಹೊಗೆ ಸಮೇತ ಸಿಕ್ಕಿದ್ದ. ನನ್ನ ಹತ್ತಿರ ಇದ್ದದ್ದು ಇನ್ನೊಬ್ಬಳ ನೆನಪು, ಅವಳೂ ಈಗ ಇಲ್ಲ. ಅದನ್ನು ಎದ್ದು ನಿಂತು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೇಜಿನ ಆ ತುದಿಯಲ್ಲಿ ಗಾಲಿ ಕುರ್ಚಿಯಲ್ಲಿ ಒಬ್ಬ ಮುದುಕಿ ಇದ್ದಳು. ಗುಬ್ಬಿಯಷ್ಟೇ ಇದ್ದಳು. ಮೊಣಕಾಲ ಮೇಲೆ ಶಾಲು, ಕಿವಿಯಲ್ಲಿ ಯಂತ್ರ. ನನ್ನ ಕೇಕಿನ ತುಂಡೊಂದು ಅವಳ ತಟ್ಟೆಯಲ್ಲಿತ್ತು. ಫೋರ್ಕಿನ ತುದಿಯಿಂದ ಪದರಗಳನ್ನು ಒಂದೊಂದಾಗಿ ಎಬ್ಬಿಸಿ ಎಣಿಸುತ್ತಿದ್ದಳು.

"ಅವರ್ಯಾರು?" ಎಂದು ಓವಾ ಜೀನ್‌ಳನ್ನು ಕೇಳಿದೆ.

"ಗೊತ್ತಿಲ್ವಾ? ಮಿಸ್ ಎರ್ಮಲೀನ್. ಈ ಶಾಲೆ ಅಡುಗೆಮನೇನ ಮೂವತ್ತು ವರ್ಷ ಆಳಿದೋರು. ನಿಮ್ಮಜ್ಜಿ ಅವರ ಕೈಕೆಳಗೇ ಅಲ್ವಾ ಇದ್ದಿದ್ದು."

ನಾನು ಆ ಪುಟ್ಟ ಕೈಗಳನ್ನೇ ನೋಡಿದೆ. ಗಾಳದ ಕೋಲಿನಷ್ಟು ಉದ್ದದ ಸೌಟನ್ನು ಬಿಡಿ, ಆ ಫೋರ್ಕನ್ನು ಎತ್ತಲೂ ಅವು ಕಷ್ಟಪಡುತ್ತಿದ್ದವು. ಕತೆಯ ರಾಕ್ಷಸಿಗೂ ವಯಸ್ಸಾಗುತ್ತದೆಂದು ಅಜ್ಜಿ ಹೇಳಿರಲಿಲ್ಲ.

ಅಷ್ಟರಲ್ಲಿ ಲಾಂಜೊ ರುಚಿ ನೋಡುತ್ತಾ ಬಂದ. ಎತ್ತರದ ಮನುಷ್ಯ, ಬೆರಳುಗಳು ಶುಂಠಿಯ ಹಾಗೆ ಗಂಟುಗಂಟು. ಬಾಳೆಹಣ್ಣಿನ ಪುಡಿಂಗ್ ತಿಂದು ತಲೆಯಾಡಿಸಿದ. ಕುಂಬಳದ ಪೈ ತಿಂದು ಮುಂದೆ ಸರಿದ. ನನ್ನ ಕೇಕಿನ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ನಿಂತುಬಿಟ್ಟ. ಆಮೇಲೆ ಇನ್ನೊಂದು ತುಂಡು ಕತ್ತರಿಸಿಕೊಂಡ.

"ಇದು ಯಾರದ್ದು?"

ನಾನು ಕೈ ಎತ್ತಿದೆ.

"ಮಗಾ, ಇದು ನಂಗೊಂದು ಕೇಕನ್ನ ನೆನಪಿಗೆ ತಂತು. ಇದೇ ಹಾಲ್‌ನಲ್ಲಿ. ಎಪ್ಪತ್ತೇಳನೇ ಇಸವಿ." ಅವನು ಕುರ್ಚಿ ಎಳೆದು ಕೂತ. ಲಾಂಜೊ ಕೂತರೆ ಕತೆ ಬರುತ್ತದೆಂದು ಗೊತ್ತಿದ್ದ ಜನ ಕುರ್ಚಿಗಳನ್ನು ಹತ್ತಿರ ಎಳೆದುಕೊಂಡರು. "ಹಾಡಿಗೆ ಹೆಸರು ತರೋದು ನನ್ನ ಕೆಲ್ಸ ಆಗಿತ್ತು. ಮುಂದಿನ ಸಾಲಲ್ಲಿ ಕೂತ ಚಂದದ ಹುಡುಗೀರ ಹೆಸರು ತರಬಾರ್ದು ಅಂತ ವರ್ಲಿನ್ ಅಪ್ಪಣೆ. 'ಚಂದದ ಹುಡುಗಿಗೆ ಗಂಡ ಇರ್ತಾನೆ ಲಾಂಜೊ, ಗಂಡನ ಹತ್ರ ಬಂದೂಕು ಇರುತ್ತೆ. ನಮಗೆ ಅಡುಗೆ ಮಾಡಿದವಳ ಹೆಸರು ತಾ' ಅಂತಿದ್ದ. ಅಡುಗೆಮನೆಗೆ ಹೋದ್ನಾ, ಮೇಜಿನ ಮೇಲೆ ಈ ಕೇಕು. ಏಳು ಪದರ ಅಲ್ಲ. ಹನ್ನೊಂದು! ಹನ್ನೊಂದು ಪದರ ನಾನು ಕೆಂಟಕಿ ಪೂರ್ತಿ ಎಲ್ಲೂ ನೋಡಿಲ್ಲ. ಸಿಂಕಿನ ಹತ್ರ ಒಬ್ಬಳು ಸಣಕಲು ಹೆಂಗಸು, ಮೊಣಕೈ ತನಕ ಸೋಪಿನ ನೊರೆ. 'ಇದು ಮಾಡಿದವರ ಹೆಸರೇನಮ್ಮ?' ಅಂದೆ. ಅವಳು ನನ್ನನ್ನೇ ನೋಡಿದ್ಲು. ಎಷ್ಟೋ ಹೊತ್ತು ನೋಡಿದ್ಲು. ಆಮೇಲೆ 'ಆರ್ಡಿತ್' ಅಂದ್ಲು."

ಹೆಸರು ಎದ್ದಿತು. ನಾನು ಕೇಳದೆ, ಬೇಡದೆ, ಇನ್ನೊಬ್ಬರ ಬಾಯಿಂದ ಆ ಹಾಲ್‌ನಲ್ಲಿ ಎದ್ದಿತು. ನನ್ನ ಕಣ್ಣು ತುಂಬಿತು.

"ವರ್ಲಿನ್ ಬೈದ," ಎಂದು ಲಾಂಜೊ ನಗುತ್ತಾ ಮುಂದುವರಿಸಿದ. "ಆ ಸಾಲಿಗೆ ಮೂರು ಪೆಟ್ಟಿನ ಹೆಸರು ಬೇಕು. ಲೂ, ಎಲ್, ಲಾ. ಇದು ಎರಡೇ ಪೆಟ್ಟು. 'ಇದನ್ನಿಟ್ಕೊಂಡು ಏನ್ ಮಾಡ್ಲಿ, ಎಳೀಬೇಕಾಗುತ್ತೆ' ಅಂದ. ಎಳೆದ ನೋಡಿ, ಉಸಿರು ನಿಲ್ಲೋ ತನಕ ಎಳೆದ!"

ಕೂತವರೆಲ್ಲ ನಕ್ಕರು. ಬಟ್ಟೆ ಒಣಹಾಕುವಷ್ಟು ಉದ್ದದ ಆ ಎಳೆತ ಒಂದು ಪೆಟ್ಟಿನ ಕೊರತೆಯಿಂದ ಬಂದದ್ದು ಎಂದು ನಾನು ಆಗ ತಿಳಿದೆ. ಅಜ್ಜಿ ಇದನ್ನು ತಿಳಿಯದೆಯೇ ಹೋದಳಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮೇಜಿನ ಆ ತುದಿಯಿಂದ ಮಾತು ಬಂತು.

"ಆ ಕೇಕು ಮಾಡಿದ್ದು ನಾನು."

ಮಿಸ್ ಎರ್ಮಲೀನ್ ಫೋರ್ಕನ್ನು ತಟ್ಟೆಯ ಪಕ್ಕ ನೇರವಾಗಿ ಇಟ್ಟಿದ್ದಳು.

"ಏನಂದ್ರಿ ಮಿಸ್ ಎರ್ಮಲೀನ್?"

"ಕಿವುಡಿ ನಾನು, ನೀನಲ್ಲ. ಹನ್ನೊಂದು ಪದರ. ಎರಡು ದಿನ ಮುಂಚೇನೇ ಮಾಡಿ, ಬಟ್ಟೆ ಸುತ್ತಿ, ಉಗ್ರಾಣದಲ್ಲಿ ಇಲಿ ಬರದ ಹಾಗೆ ಕಾಯ್ದಿದ್ದು ನಾನು. ಅವನು ಅಡುಗೆಯೋಳ ಹೆಸರು ಹಾಡ್ತಾನೆ ಅಂತ ಪಕ್ಕದ ಕೌಂಟಿಲಿದ್ದ ನನ್ನ ತಂಗಿ ಹೇಳಿದ್ಲು. ಅದಕ್ಕೇ ಅಷ್ಟು ಪದರ. ಯಾರ ಮದುವೆಗೂ ನಾನು ಅಷ್ಟು ಮಾಡ್ದೋಳಲ್ಲ, ನನ್ನ ಮದುವೆಯಂತೂ ಆಗ್ಲೇ ಇಲ್ಲ. ಜೋಳದ ಹಿಟ್ಟು ತರೋಕೆ ಉಗ್ರಾಣಕ್ಕೆ ಹೋದೆ. ಹತ್ತು ನಿಮಿಷ. ಅಷ್ಟರಲ್ಲಿ ನೀನು ಬಂದು ಹೋಗಿದ್ದೀಯ."

ಲಾಂಜೊನ ಕೈಯಲ್ಲಿ ನನ್ನ ಕೇಕಿನ ಎರಡನೇ ತುಂಡು ಹಾಗೇ ಇತ್ತು.

"ಏಪ್ರನ್ ಬಿಚ್ಚಿಟ್ಟು ಅಲ್ಲಿ, ಆ ಗೋಡೆ ಹತ್ರ ನಿಂತಿದ್ದೆ," ಎಂದಳು. "ತುಟಿಗೆ ಬಣ್ಣ ಹಚ್ಕೊಂಡಿದ್ದೆ, ನಗಬೇಡಿ. ಆ ಸಾಲು ಬಂತು. ಅವನು ಅವಳ ಹೆಸರು ಹಿಡ್ಕೊಂಡು ಎಳೀತಾನೆ, ಎಳೀತಾನೆ. ಎರ್, ಮ, ಲೀನ್. ನಂದು ಸರಿಯಾಗಿ ಮೂರು ಪೆಟ್ಟು. ಎಳೆಯೋದೇ ಬೇಕಿರ್ಲಿಲ್ಲ."

"ನೀವು ಅವಳನ್ನ ಕೇಳ್ಲಿಲ್ವಾ?" ಎಂದ ಗಾರ್ನೆಟ್, ಮೆಲ್ಲಗೆ.

"ಏನಂತ ಕೇಳೋದು? ಮಾರನೇ ದಿನ ಬಂದಾಗ ಪಾತ್ರೆ ತಿಕ್ತಾ ಗುನುಗ್ತಿದ್ಲು. ಗಂಡ ಹೋದ ಮೇಲೆ ಆ ಹುಡುಗಿ ಬಾಯಲ್ಲಿ ನಾನು ಹಾಡು ಕೇಳಿದ್ದೇ ಅವತ್ತು. ನಾನು ಸೌಟು ಬಡಿದೆ. 'ಗ್ರೇವಿ ಪಾತ್ರೆ ಸರಿಯಾಗಿ ತಿಕ್ಕು' ಅಂದೆ. ಆಮೇಲೆ ಹತ್ತೊಂಬತ್ತು ವರ್ಷ, ಎಲ್ಲಕ್ಕಿಂತ ಜಿಡ್ಡಿನ ಆ ಗ್ರೇವಿ ಪಾತ್ರೆ ಅವಳ ಪಾಲಿಗೇ. ಅವಳು ಯಾಕೆ ಅಂತ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಓವಾ ಜೀನ್ ನನ್ನ ಕಡೆ ತಿರುಗಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಅಜ್ಜಿ ನನಗೆ ನೂರು ಕತೆ ಹೇಳಿದ್ದಳು. ಕರಡಿಯ ಜೊತೆ ಮಾತಾಡಿದವಳು, ಚಂದ್ರನಿಗೆ ಉಪ್ಪು ಮಾರಿದವಳು, ಎಲ್ಲರದೂ. ಸಿಂಕಿನ ಮುಂದೆ ನಿಂತ ಮೂವತ್ತರ ಹೆಂಗಸು, ನೊರೆಯೊಳಗೆ ಎರಡೂ ಕೈ, ಬಾಗಿಲಲ್ಲಿ ಅಪರಿಚಿತ. ಎಷ್ಟೋ ಹೊತ್ತು ನೋಡಿದಳು ಎಂದ ಲಾಂಜೊ. ಆ ಎಷ್ಟೋ ಹೊತ್ತಿನ ಕತೆಯನ್ನು ಮಾತ್ರ ಅವಳು ಹೇಳಿರಲಿಲ್ಲ. ಪಕ್ಕದಲ್ಲೇ ಇಪ್ಪತ್ತನಾಲ್ಕು ವರ್ಷ ಮಲಗಿ, ಉಂಡು, ಬೀನ್ಸು ಬಿಡಿಸಿ, ನನಗೆ ಅವಳು ಪೂರ್ತಿ ಸಿಕ್ಕಿರಲಿಲ್ಲ. ಮಣ್ಣು ಮಾಡಿದ ದಿನಕ್ಕಿಂತ ಈಗ ಅವಳು ಹೆಚ್ಚು ದೂರ ಹೋದಳು ಎನಿಸಿತು.

ಲಾಂಜೊ ಕುರ್ಚಿಯಿಂದ ಎದ್ದ. ಹೇಗಾದರೂ ಮುಂದೆ ಹೋಗಬೇಕಿತ್ತು ಅವನಿಗೆ. "ಸರಿ. ಈ ವರ್ಷದ ಅಡುಗೆ ಈ ಕೇಕೇ. ಹೆಸರು ಹೇಳು ಮಗಾ."

ಆರು ತಿಂಗಳು ಬಾಯಲ್ಲಿಟ್ಟುಕೊಂಡಿದ್ದ ಹೆಸರು. ಎರಡು ದಿನ ಒಲೆಯ ಮುಂದೆ ನಿಂತದ್ದು ಅದಕ್ಕೆ. ಮಿಸ್ ಎರ್ಮಲೀನ್ ನನ್ನನ್ನು ನೋಡುತ್ತಿರಲಿಲ್ಲ. ನಲವತ್ತೈದು ವರ್ಷದ ಹಿಂದೆ ತಾನು ನಿಂತಿದ್ದ ಗೋಡೆಯನ್ನು ನೋಡುತ್ತಿದ್ದಳು.

"ಎರ್ಮಲೀನ್," ಎಂದೆ.

"ಬೇಡ."

ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ 'ಬೇಡ' ಬಂದದ್ದು ಕೇಳಿ, ಸೌಟಿನ ಸದ್ದಿಗೆ ಹುಂಜ ಕೂಗುತ್ತಿತ್ತೆಂಬ ಮಾತನ್ನು ನಾನು ನಂಬಿದೆ.

"ತೊಂಬತ್ತಕ್ಕೆ ಒಂದು ಕಮ್ಮಿ ನಂಗೆ. ಅಯ್ಯೋ ಪಾಪ ಅಂತ ಕೊಡೋ ಹೆಸರು ನಂಗೆ ಬೇಡ. ಈ ಕೇಕು ನಾನು ಮಾಡಿಲ್ಲ."

"ಹೋದ ವರ್ಷ ನನ್ನ ನಾಯಿ ಹೆಸರೇ ನಡೀತಲ್ಲ ಮಿಸ್ ಎರ್ಮಲೀನ್," ಎಂದ ಗಾರ್ನೆಟ್.

"ನಿನ್ನ ನಾಯಿ ಅಡುಗೆ ಮಾಡಿತ್ತಾ? ಮುಚ್ಕೊಂಡ್ ಕೂತ್ಕೋ." ಅವಳು ಗಾಲಿ ಕುರ್ಚಿಯನ್ನು ನನ್ನ ಕಡೆಗೆ ಅರ್ಧ ತಿರುಗಿಸಿದಳು. "ಅವನು ಹೇಳಿದ್ದು ಒಂದೇ ನಿಯಮ. ಅಡುಗೆ ಮಾಡಿದವಳ ಹೆಸರು. ಅವತ್ತು ಈ ಹಾಲ್‌ನಲ್ಲಿ ಅದು ನಡೀಲಿಲ್ಲ. ಇವತ್ತಾದ್ರೂ ನಡೀಲಿ. ಈ ಕೇಕು ಯಾರು ಮಾಡಿದ್ದು?"

"ನಾನು."

"ಒಬ್ಬಳೇನಾ?"

"ಹೌದು. ಒಬ್ಬಳೇ."

"ಸೇಬು ಇನ್ನೊಂಚೂರು ಬೇಯಬೇಕಿತ್ತು. ಹೆಸರು?"

ಆಗ ಹೊಳೆಯಿತು, ಆ ಮಧ್ಯಾಹ್ನ ಅಲ್ಲಿ ಯಾರೂ ನನ್ನ ಹೆಸರು ಕೇಳಿರಲಿಲ್ಲ. "ಕ್ಯಾಸಿಡಿ," ಎಂದೆ. ಆಮೇಲೆ ತಡೆಯಲಾರದೆ, "ನಾನು ಆರ್ಡಿತ್ ಅಂತ ಹಾಡಿಸ್ಬೇಕು ಅಂತ ಬಂದಿದ್ದೆ. ಅವಳ ಹೆಸರು ಯಾರೂ ಹೇಳೋದೇ ಇಲ್ಲ."

"ಅವಳದ್ದು ಆಯ್ತಲ್ಲ," ಎಂದಳು ಮಿಸ್ ಎರ್ಮಲೀನ್. "ವರ್ಲಿನ್ ಬಾಯಲ್ಲೇ ಆಯ್ತು. ಇನ್ನೆಷ್ಟು ಬೇಕು ಅವಳಿಗೆ?"

ಲಾಂಜೊ ಸ್ಟೀಲ್ ಗಿಟಾರಿನ ಮುಂದೆ ಹೋಗಿ ಕೂತ. ಗಂಟುಗಂಟಾದ ಬೆರಳನ್ನು ತಂತಿಯ ಮೇಲಿಟ್ಟ. ಗಾರ್ನೆಟ್ ಟೋಪಿ ತೆಗೆದು ಎದ್ದ. ಪಿಟೀಲಿನ ಜಗಳವಾಡುವ ಗಾರ್ನೆಟ್‌ಗೆ ಎಂಥ ಒಳ್ಳೆಯ ಗಂಟಲಿದೆಯೆಂದು ನನಗೆ ಗೊತ್ತಿರಲಿಲ್ಲ. ಊರು ಮರೆತ, ತಿರುವು ಮರೆತ, ಹೊರೆ ಮರೆತ. ಆಮೇಲೆ ಕ್ಯಾಸಿಡಿಯ ಹೆಸರೊಂದು ಬಿಟ್ಟು ಎಲ್ಲವ ಮರೆತ.

ಮೂರು ಪೆಟ್ಟು. ಸಾಲಿಗೆ ಹೇಳಿ ಹೊಲಿಸಿದ ಹಾಗಿತ್ತು. ಎಳೆಯಬೇಕಾಗಲಿಲ್ಲ, ಹಾಗಾಗಿ ಬಂದಷ್ಟೇ ಬೇಗ ಹೋಯಿತು. ಮೂವತ್ತು ಮುಖಗಳು ಒಂದು ಗಳಿಗೆ ನನ್ನ ಕಡೆ ತಿರುಗಿ, ಮತ್ತೆ ಹಾಡಿನ ಕಡೆ ತಿರುಗಿದವು. ನನ್ನ ಹೆಸರು ನನಗೇ ಯಾರೋ ದೂರದೂರಿನ ಹೆಂಗಸಿನದು ಎಂಬಂತೆ ಕೇಳಿಸಿತು. ಅವಳಿಗಾಗಿ ಲಾರಿಯವನೊಬ್ಬ ಮಂಜಿನಲ್ಲಿ ಅಳುತ್ತಿದ್ದಾನೆ, ಅವಳಿಗೆ ಗೊತ್ತಿಲ್ಲ. ಇದನ್ನು ಮನೆಗೆ ಹೋದ ತಕ್ಷಣ ಅಜ್ಜಿಗೆ ಹೇಳಬೇಕು ಎಂದುಕೊಂಡೆ. ಹೇಳುವುದಕ್ಕೆ ಅವಳಿಲ್ಲ ಎಂಬುದು ಮುಂದಿನ ಸಾಲಿನ ಹೊತ್ತಿಗೆ ನೆನಪಾಯಿತು.

ಜನ ಪಾತ್ರೆಗಳನ್ನು ತೊಳೆದು, ಒಬ್ಬರ ಮುಚ್ಚಳ ಇನ್ನೊಬ್ಬರ ಪಾತ್ರೆಗೆ ಹಾಕಿ, ಮತ್ತೆ ಬದಲಾಯಿಸಿಕೊಂಡು ಹೊರಟರು. ಮಿಸ್ ಎರ್ಮಲೀನ್‌ಳ ತಂಗಿಯ ಮಗಳು ಕಾರನ್ನು ಇಳಿಜಾರಿನ ಹತ್ತಿರ ತರಲು ಹೋದಳು. ಗಾಲಿ ಕುರ್ಚಿಯನ್ನು ನಾನು ತಳ್ಳಿದೆ. ಸಂಜೆಯ ಬಿಸಿಲು ಗುಡ್ಡದ ನೆತ್ತಿಯಲ್ಲಿ ಮಾತ್ರ ಉಳಿದಿತ್ತು, ಕೆಳಗೆ ನಮ್ಮಲ್ಲಿ ಆಗಲೇ ತಂಪು.

"ನನ್ನ ಬಗ್ಗೆ ಏನಂತಿದ್ಲು?" ಎಂದು ಅವಳು ತಿರುಗದೆಯೇ ಕೇಳಿದಳು.

ನಾನು ಕುರ್ಚಿ ನಿಲ್ಲಿಸಿದೆ. "ಕತೇಲಿ ನೀವು ರಾಕ್ಷಸಿ. ನಿಮ್ಮ ಸೌಟು ಗಾಳದ ಕೋಲಿನಷ್ಟುದ್ದ."

ಶಾಲಿನೊಳಗೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಹೆದರಿ ಮುಂದೆ ಬಂದು ನೋಡಿದೆ. ಇಲ್ಲ.

"ಅಷ್ಟುದ್ದ ಇರ್ಲಿಲ್ಲ," ಎಂದಳು. "ಸುಳ್ಳಿ. ಆರ್ಡಿತ್ ಯಾವಾಗ್ಲೂ ಹಾಗೇ, ಒಂದಕ್ಕೆ ಹತ್ತು."

ಕಾರು ಬಂತು. ಇಬ್ಬರೂ ಸೇರಿ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ತಂಗಿಯ ಮಗಳು ಗಾಲಿ ಕುರ್ಚಿ ಮಡಚಿ ಹಿಂದೆ ಇಟ್ಟು, ಬಂದು ಕೂತು, ಬೀಗದ ಕೈ ತಿರುಗಿಸಿದಳು. ಆ ಹೆಸರು ಅವಳ ಬಾಯಲ್ಲಿ ಇನ್ನೊಮ್ಮೆ ಬರಲೆಂದು ನಾನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದೆ.

"ಅಜ್ಜಿ ಇನ್ನೇನು ಮಾಡ್ತಿದ್ಲು?" ಎಂದು ಕೇಳಿದೆ.

"ಏನು ಮಾಡ್ತಿರ್ಲಿಲ್ಲ ಅಂತ ಕೇಳು. ಆರ್ಡಿತ್‌ಗೆ ಉಪ್ಪಿನ ಅಂದಾಜೇ ಇರ್ಲಿಲ್ಲ. ಬಡಿಸೋಕೆ ನಿಲ್ಸಿದ್ರೆ ಬಡವರ ಮಕ್ಕಳ ತಟ್ಟೆಗೆ ಎರಡೆರಡು ಸಲ ಹಾಕೋಳು, ನಾನು ನೋಡಿಲ್ಲ ಅಂದ್ಕೊಂಡು. ಒಂದು ಸಲ ಆರ್ಡಿತ್ ಒಂದು ಚೀಲ ಈರುಳ್ಳಿನ..." ಅವಳು ಕೆಮ್ಮಿದಳು. ಶಾಲು ಎಳೆದುಕೊಂಡಳು. "ಬಾಗಿಲು ಹಾಕಮ್ಮ. ಚಳಿ."

"ಈರುಳ್ಳಿ ಏನಾಯ್ತು?" ಎಂದೆ, ಬಾಗಿಲು ಬಿಡದೆ.